ಮಾರಾಟಕ್ಕಿಲ್ಲದ ಸಲಹೆ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಸುತ್ತಲಿನ ಮೆಕ್ಕೆಜೋಳದ ಹೊಲಗಳಲ್ಲಿ, ಅಲ್ಲಿಯವರೆಗೆ ನಮ್ಮ ರೈತರು ಕಂಡರಿಯದ ಹುಳವೊಂದು ಸುಳಿ ತಿನ್ನುತ್ತಿತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಹಿಡಿದು ಪರೀಕ್ಷಿಸಿ, ಇದು ಅಮೆರಿಕ ಖಂಡಗಳ ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. 2016ರಲ್ಲಿ ಆಫ್ರಿಕಕ್ಕೆ ಬಂದಿದ್ದ ಹುಳ ಎರಡೇ ವರ್ಷದಲ್ಲಿ ನಮ್ಮ ಹೊಲಕ್ಕೆ ಇಳಿದಿತ್ತು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ಕರ್ನಾಟಕದಲ್ಲೇ. ಆ ವರ್ಷದ ಮುಂಗಾರು ಮುಗಿಯುವಷ್ಟರಲ್ಲಿ ಅದು ಪಕ್ಕದ ರಾಜ್ಯಗಳನ್ನೂ ಮುಟ್ಟಿತ್ತು.

ಈ ಹುಳದ ವಿಷಯದಲ್ಲಿ ರೈತನಿಗೆ ತಿಳಿಯಬೇಕಾದದ್ದು ಬಹಳವೇನೂ ಇರಲಿಲ್ಲ. ಮೊಳಕೆ ಮೇಲೆದ್ದ ದಿನದಿಂದ ವಾರಕ್ಕೆರಡು ಸಲ ಹೊಲದಲ್ಲಿ ಓಡಾಡಬೇಕು. ಎಲೆಯ ಮೇಲೆ ಗುಂಪಾಗಿ ಇಟ್ಟ ಮೊಟ್ಟೆ ಕಂಡರೆ ಅಲ್ಲೇ ಬೆರಳಲ್ಲಿ ಹೊಸಕಿಬಿಡಬೇಕು. ಮರಿ ಚಿಕ್ಕದಿದ್ದಾಗ ಔಷಧಿ ಬಿದ್ದರೆ ಸಾಯುತ್ತದೆ, ಅದೂ ಬೆಳಗಿನ ಜಾವ ಅಥವಾ ಸಂಜೆ, ನೇರವಾಗಿ ಸುಳಿಗೆ ಬಿದ್ದರೆ ಮಾತ್ರ. ಹುಳ ಬಲಿತು, ಸುಳಿಯೊಳಗೆ ತನ್ನದೇ ಹಿಕ್ಕೆಯನ್ನು ಬಿರಡೆಯಾಗಿಸಿಕೊಂಡು ಕುಳಿತ ಮೇಲೆ ಎಲೆ ತೊಯ್ಯುವಷ್ಟು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಇಷ್ಟು ಗೊತ್ತಿದ್ದರೆ ಔಷಧಿಯ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತಿತ್ತು.

ಗಮನಿಸಿ, ಹೊಲದಲ್ಲಿ ಓಡಾಡಿ, ಮೊಟ್ಟೆ ಹೊಸಕಿ ಎಂದು ಹೇಳುವುದರಿಂದ ಯಾರಿಗೂ ಒಂದು ರೂಪಾಯಿ ಹುಟ್ಟುವುದಿಲ್ಲ. ಔಷಧಿಯ ಡಬ್ಬಿ ಕೊಳ್ಳಿ ಎಂದು ಹೇಳುವುದರಿಂದ ಹುಟ್ಟುತ್ತದೆ. ಹಾಗಾಗಿ ಡಬ್ಬಿಯ ಸಲಹೆಯನ್ನು ಹಳ್ಳಿಯವರೆಗೂ ಹೊತ್ತು ತರಲು ಏಜೆಂಟರಿದ್ದಾರೆ, ಪೋಸ್ಟರುಗಳಿವೆ, ಬೈಕಿನಲ್ಲಿ ಬರುವ ಕಂಪನಿಯ ಹುಡುಗರಿದ್ದಾರೆ. ಮೊಟ್ಟೆ ಹೊಸಕುವ ಸಲಹೆಯನ್ನು ಹೊತ್ತು ತರುವವರು ಯಾರು? ಕೃಷಿ ಸಲಹಾ ವ್ಯವಸ್ಥೆಯನ್ನು ಸುಧಾರಿಸಬೇಕು ಎಂಬ ಮಾತು ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ನಡೆಯುತ್ತಿದೆ. ನನ್ನ ಮಟ್ಟಿಗೆ ಆ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಂದು ಪ್ರಶ್ನೆಯ ಮುಂದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಕಲಬುರಗಿ ಕಡೆಯ ಯಾವುದೇ ತಾಲ್ಲೂಕು ಊರಿನ ಔಷಧಿ ಅಂಗಡಿಯ ಮುಂದೆ ತೊಗರಿ ಹೂ ಬಿಡುವ ಕಾಲದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೈಯಲ್ಲಿ ಒಂದು ಟೊಂಗೆ ಹಿಡಿದು ರೈತ ಬರುತ್ತಾನೆ. "ತೊಗರಿಗಿ ಹುಳ ಬಿದ್ದಾವ್ರಿ, ಛಲೋ ಎಣ್ಣಿ ಕೊಡ್ರಿ" ಎನ್ನುತ್ತಾನೆ. ಅಂಗಡಿಯಾತ ಟೊಂಗೆಯ ಕಡೆ ಅರೆಗಳಿಗೆ ನೋಡಿ, "ಎಷ್ಟ್ ಎಕರೆ?" ಎಂದು ಕೇಳುತ್ತಾನೆ. "ನಾಕು." ಎರಡು ಬಾಟಲಿ, ಜೊತೆಗೆ ಹೂ ನಿಲ್ಲಲಿಕ್ಕೆಂದು ಇನ್ನೊಂದು ಟಾನಿಕ್ಕು ಮೇಜಿನ ಮೇಲೆ ಬರುತ್ತದೆ. ರೊಕ್ಕ ಈಗ ಇಲ್ಲದಿದ್ದರೂ ನಡೆಯುತ್ತದೆ, ರಾಶಿ ಆದ ಮೇಲೆ ಕೊಟ್ಟರಾಯಿತು. ಐದು ನಿಮಿಷದಲ್ಲಿ ರೋಗ ಪತ್ತೆಯಾಗಿ, ಚಿಕಿತ್ಸೆ ತೀರ್ಮಾನವಾಗಿ, ಸಾಲವೂ ಮಂಜೂರಾಗಿರುತ್ತದೆ.

ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ರಾತ್ರಿ ಎಂಟಕ್ಕೂ ಬಾಗಿಲು ತೆರೆದಿರುತ್ತದೆ. ಆತ ರೈತನ ಮಾತಿನಲ್ಲೇ ಮಾತಾಡುತ್ತಾನೆ, ಅವನ ಮನೆಯ ಮದುವೆಗೂ ಬರುತ್ತಾನೆ, ಉದ್ರಿ ಕೊಡುತ್ತಾನೆ. ಸರ್ಕಾರದ ಯಾವ ಕಚೇರಿಯೂ ಇಷ್ಟು ಹತ್ತಿರದಲ್ಲಿಲ್ಲ. ಆದರೆ ಅವನ ಸಂಪಾದನೆ ಇರುವುದು ಮಾರಾಟದಲ್ಲಿ. "ಈ ವಾರ ಏನೂ ಹೊಡೆಯಬೇಡ, ಮುಂದಿನ ವಾರ ನೋಡೋಣ" ಎಂದು ಹೇಳಿದ ದಿನ ಅವನ ಗಲ್ಲಾ ಖಾಲಿ. ಅಂಥ ಮಾತನ್ನು ಅವನಿಂದ ನಿರೀಕ್ಷಿಸುವುದು ಅನ್ಯಾಯ.

ಈಗ ಅದೇ ತೊಗರಿಯ ಇನ್ನೊಂದು ಕಥೆ ಕೇಳಿ. 2022–23ರ ಹಂಗಾಮಿನಲ್ಲಿ ಕಲಬುರಗಿ ಭಾಗದಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು. ನೆಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರದ ರೋಗ. ಬೇರಿನಿಂದ ಹೊಕ್ಕು ಕಾಂಡದೊಳಗಿನ ನೀರಿನ ದಾರಿಯನ್ನು ಅದು ಕಟ್ಟಿಹಾಕುತ್ತದೆ. ಎಲೆಯ ಮೇಲೆ ಏನು ಸಿಂಪಡಿಸಿದರೂ ಬಾಡಿದ ಗಿಡ ಏಳುವುದಿಲ್ಲ. ಮಾಡಬೇಕಾದದ್ದೆಲ್ಲ ಬಿತ್ತುವ ಮೊದಲೇ ಇದೆ: ರೋಗ ತಾಳುವ ಜಿಆರ್‌ಜಿ-811ರಂಥ ತಳಿ, ಕೆಜಿ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮದ ಬೀಜೋಪಚಾರ, ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಹಾಕದೆ ಬೆಳೆ ಬದಲಿಸುವುದು, ಅಕ್ಕಡಿಯಲ್ಲಿ ಜೋಳ ಬಿತ್ತುವುದು. ತೊಗರಿಯ ಜೊತೆ ಜೋಳವಿದ್ದಲ್ಲಿ ನೆಟೆ ಕಡಿಮೆ ಎಂಬುದನ್ನು ಸಂಶೋಧಕರು ಪ್ರಯೋಗದಲ್ಲಿ ಕಂಡಿದ್ದಾರೆ. ಹಿಂದಿನವರ ಅಕ್ಕಡಿ ಸಾಲಿನಲ್ಲಿ ಆ ಬುದ್ಧಿ ಮೊದಲೇ ಇತ್ತು. ಹಾಗೆಯೇ, ಬಿತ್ತಿದ 45–50 ದಿನಕ್ಕೆ ತೊಗರಿಯ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಹೆಚ್ಚಿ ಕಾಯಿ ಹೆಚ್ಚುತ್ತದೆ. ಇದನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಎಷ್ಟೋ ವರ್ಷಗಳಿಂದ ಹೇಳುತ್ತಿದೆ. ಬೆಳೆ ಬದಲಾವಣೆ, ಅಕ್ಕಡಿ ಜೋಳ, ಕುಡಿ ಚಿವುಟುವುದು, ಇವುಗಳಲ್ಲಿ ಬಾಟಲಿಗೆ ತುಂಬಿ ಮಾರುವಂಥದ್ದು ಯಾವುದಿದೆ? ಅದಕ್ಕೇ ಅವು ಹೊಲಕ್ಕೆ ಬರುವುದು ನಿಧಾನ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2003ರಲ್ಲಿ ದೇಶದ ರೈತ ಕುಟುಂಬಗಳನ್ನು ಕೇಳಿತು, ನಿಮಗೆ ಹೊಸ ಬೇಸಾಯದ ಮಾಹಿತಿ ಎಲ್ಲಿಂದ ಸಿಗುತ್ತದೆ ಎಂದು. ನೂರರಲ್ಲಿ ಸುಮಾರು ಅರುವತ್ತು ಕುಟುಂಬಗಳು ಎಲ್ಲಿಂದಲೂ ಇಲ್ಲ ಎಂದವು. ಸಿಕ್ಕಿದೆ ಎಂದವರಲ್ಲಿ ಅತಿ ಹೆಚ್ಚು ಜನ ಹೆಸರು ಹೇಳಿದ್ದು ಪಕ್ಕದ ಪ್ರಗತಿಪರ ರೈತನದು. ನಂತರ ಬಂದದ್ದು ಅಂಗಡಿಯವರು, ಒಟ್ಟು ಕುಟುಂಬಗಳಲ್ಲಿ ಶೇಕಡ 13. ಅವರಿಗೆ ಸಮನಾಗಿ ರೇಡಿಯೋ, ಶೇಕಡ 13. ಸರ್ಕಾರದ ಕೃಷಿ ಕಾರ್ಯಕರ್ತರಿಂದ ಮಾಹಿತಿ ಪಡೆದವರು ಶೇಕಡ 5.7 ಮಾತ್ರ. ಹತ್ತು ವರ್ಷದ ಮೇಲೆ, 2013ರಲ್ಲಿ, ಮತ್ತೆ ಕೇಳಿದಾಗಲೂ ಯಾರಿಂದಲೂ ಸಲಹೆ ಸಿಗದವರ ಪಾಲು ಅರುವತ್ತರ ಆಸುಪಾಸಿನಲ್ಲೇ ಇತ್ತು. ಈ ಹತ್ತು ವರ್ಷದಲ್ಲಿ ಮೊಬೈಲು ಹಳ್ಳಿಹಳ್ಳಿಗೆ ಬಂದಿತ್ತು ಎಂಬುದನ್ನು ನೆನಪಿಡಿ.

ಮಾರಾಟಕ್ಕಿಲ್ಲದ ಸಲಹೆ ನಮ್ಮಲ್ಲಿ ಎಂದೂ ಹೊಲ ಮುಟ್ಟಿಲ್ಲವೆಂದಲ್ಲ. ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಕೆನಡಾದವರು, 1908ರಲ್ಲಿ ಇಲ್ಲಿಗೆ ಬಂದವರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಕೊಳೆ ರೋಗಕ್ಕೆ ಕಾಯಿ ಉದುರಿ ತೋಟಿಗರ ವರ್ಷದ ಅನ್ನವೇ ಹೋಗುತ್ತಿತ್ತು. ತೋಟಿಗರು ಮರ ಹತ್ತಿ, ಗೊನೆಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ಆ ತೋಟಗಳಿಗೇ ಹೋಗಿ ರೋಗದ ಜಾಡು ಹಿಡಿದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗೆ ಹೊಡೆದು ತೋರಿಸಿದರು. ನೂರು ವರ್ಷ ದಾಟಿದರೂ ಇಂದಿಗೂ ಮಲೆನಾಡು, ಕರಾವಳಿಯ ತೋಟಿಗರು ಆ ದ್ರಾವಣವನ್ನೇ ಹೊಡೆಯುತ್ತಾರೆ, ಮನೆಯಂಗಳದಲ್ಲೇ ತಯಾರಿಸಿಕೊಳ್ಳುತ್ತಾರೆ. ಯಾವ ಕಂಪನಿಯ ಮಾರಾಟಗಾರನೂ ಅದನ್ನು ಹರಡಲಿಲ್ಲ. ಸಂಬಳ ತೆಗೆದುಕೊಳ್ಳುವ ವಿಜ್ಞಾನಿ ತೋಟಕ್ಕೆ ಇಳಿದದ್ದರಿಂದ ಅದು ಹರಡಿತು.

ಸ್ವಾತಂತ್ರ್ಯದ ನಂತರ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು, ಮರುವರ್ಷ ರಾಷ್ಟ್ರೀಯ ವಿಸ್ತರಣಾ ಸೇವೆ. ಗ್ರಾಮಸೇವಕ ಎಂಬ ಹುದ್ದೆ ಆಗ ಹುಟ್ಟಿದ್ದು. ನನಗಿಂತ ಹಿರಿಯರಾದ ಕೇಳುಗರಿಗೆ ಸೈಕಲ್ಲಿನ ಮೇಲೆ ಬರುತ್ತಿದ್ದ ಗ್ರಾಮಸೇವಕರ ನೆನಪಿರಬಹುದು. ಅವರು ಕಾಂಪೋಸ್ಟ್ ಗುಂಡಿ ತೋಡಿಸಬೇಕು, ಬಾವಿಗೆ ಔಷಧಿ ಹಾಕಿಸಬೇಕು, ರಾತ್ರಿಶಾಲೆ ನಡೆಸಬೇಕು, ಸುಧಾರಿತ ಬೀಜವನ್ನೂ ಹಂಚಬೇಕು. ಎಲ್ಲ ಕೆಲಸವೂ ಅವರದೇ ಆದಾಗ ಬೇಸಾಯದ ಮಾತಿಗೆ ಹೊತ್ತು ಸಿಗಲಿಲ್ಲ. 1970ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕಿನ ಹಣದಿಂದ, ಡೇನಿಯಲ್ ಬೆನೋರ್ ಎಂಬ ತಜ್ಞರ ಯೋಜನೆಯಂತೆ ತರಬೇತಿ ಮತ್ತು ಭೇಟಿ ಪದ್ಧತಿ ಬಂತು. ಅದರ ನಿಯಮ ಸರಳ: ಗ್ರಾಮಮಟ್ಟದ ಕಾರ್ಯಕರ್ತನಿಗೆ ಸಲಹೆಯ ಹೊರತು ಬೇರೆ ಕೆಲಸ ಹಚ್ಚಬಾರದು. ಹದಿನೈದು ದಿನಕ್ಕೊಮ್ಮೆ ಅವನಿಗೆ ತಜ್ಞರಿಂದ ತರಬೇತಿ, ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಹೊಲಕ್ಕೆ ಅವನ ಭೇಟಿ.

ಆ ಪದ್ಧತಿಯನ್ನು ನಾವು ಪೂರ್ತಿ ಮರೆತದ್ದು ತಪ್ಪು ಎಂದು ನನಗೆ ಅನಿಸುತ್ತದೆ. ಅದರಲ್ಲಿ ಕೊರತೆಗಳಿದ್ದವು. ಉಳಿದವರಿಗೆ ಸಲಹೆ ದಾಟಿಸಲು ಸಂಪರ್ಕ ರೈತರೆಂದು ಆರಿಸಿಕೊಂಡವರು ಹೆಚ್ಚಾಗಿ ಅನುಕೂಲಸ್ಥರೇ. ಮೇಲಿನಿಂದ ಬಂದ ಒಂದೇ ಸಂದೇಶವನ್ನು ಎಲ್ಲರಿಗೂ ಒಪ್ಪಿಸುವುದು ಕಾಲುವೆ ನೀರಾವರಿಯ ಪ್ರದೇಶದಲ್ಲಿ ನಡೆಯಿತು, ಗುಡ್ಡಕ್ಕೊಂದು ತಗ್ಗಿಗೊಂದು ಮಣ್ಣಿರುವ ಮಳೆಯಾಶ್ರಿತ ಸೀಮೆಯಲ್ಲಿ ನಡೆಯಲಿಲ್ಲ. ವಿಶ್ವಬ್ಯಾಂಕಿನ ಸಾಲದ ಹಣ ನಿಂತಾಗ ಸಂಬಳದ ಭಾರ ಹೊರಲಾಗದೆ ರಾಜ್ಯಗಳು ಕೈಬಿಟ್ಟವು. ಆದರೆ ಎರಡು ಮಾತು ಅದರಲ್ಲಿ ಸರಿಯಿದ್ದವು. ಸಲಹೆಗಾರನಿಗೆ ಬೇರೆ ಕೆಲಸ ಬೇಡ. ಅವನು ಬರುವ ದಿನ ರೈತನಿಗೆ ಮೊದಲೇ ಗೊತ್ತಿರಬೇಕು. ಆಮೇಲೆ ಬಂದ ಆತ್ಮ, ಅಂದರೆ ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆಯ ಯೋಜನೆ, 1998ರಲ್ಲಿ ಏಳು ರಾಜ್ಯಗಳ 28 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಗಿ 2005ರ ನಂತರ ದೇಶಕ್ಕೆಲ್ಲ ಹರಡಿದ್ದು, ಯೋಜನೆ ಕೆಳಗಿನಿಂದ ಹುಟ್ಟಬೇಕು, ರೈತರ ಗುಂಪುಗಳು ಅದರಲ್ಲಿ ಕೂರಬೇಕು ಎಂಬ ಒಳ್ಳೆಯ ವಿಚಾರ ತಂದಿತು. ಹಳ್ಳಿಗೆ ಹೋಗುವ ಕಾಲುಗಳನ್ನು ಮಾತ್ರ ತರಲಿಲ್ಲ.

ಇವತ್ತಿನ ರೈತ ಸಂಪರ್ಕ ಕೇಂದ್ರಕ್ಕೆ ಜೂನ್ ಮೊದಲ ವಾರ ಹೋಗಿ ನೋಡಿ. ಹೋಬಳಿಗೊಂದು ಕೇಂದ್ರ ಎಂಬ ಯೋಚನೆ ನಿಜಕ್ಕೂ ದೊಡ್ಡದು, ತಾಲ್ಲೂಕಿಗೆ ಅಲೆಯುವುದನ್ನು ಅದು ತಪ್ಪಿಸಿತು. ಆದರೆ ಬಾಗಿಲಲ್ಲಿ ಬಿತ್ತನೆ ಬೀಜಕ್ಕೆ ಸಾಲು. ಒಳಗೆ ಸಹಾಯಕ ಕೃಷಿ ಅಧಿಕಾರಿ ಕಂಪ್ಯೂಟರಿನ ಮುಂದೆ ರೈತರ ಗುರುತಿನ ಸಂಖ್ಯೆ ಹಾಕಿ, ರಿಯಾಯಿತಿ ಲೆಕ್ಕ ಮಾಡಿ, ರಸೀದಿ ಕೊಡುತ್ತಿರುತ್ತಾರೆ. ಬೀಜ ಮುಗಿಯಿತೆಂದರೆ ಟಾರ್ಪಾಲು, ಅದಾದ ಮೇಲೆ ತುಂತುರು ನೀರಾವರಿಯ ಪೈಪು. ನಡುವೆ ಪಿಎಂ ಕಿಸಾನ್ ಹಣ ಬಾರದವರ ಅಹವಾಲು, ಬೆಳೆ ಸಮೀಕ್ಷೆ, ವಿಮೆಗಾಗಿ ಬೆಳೆ ಕಟಾವು ಪ್ರಯೋಗ, ಜಿಲ್ಲೆಯಿಂದ ಸಂಜೆಯೊಳಗೆ ಕೇಳಿದ ವರದಿ. ಈ ಅಧಿಕಾರಿಗಳು ಕೃಷಿ ಪದವಿ ಓದಿದವರು. ಹೊಲದಲ್ಲಿ ಬೆಳೆ ಓದಬಲ್ಲವರು. ಅವರನ್ನು ಗೋದಾಮಿನ ಗುಮಾಸ್ತರನ್ನಾಗಿ ಮಾಡಿದವರು ನಾವು. ರೈತರ ಆದಾಯ ದ್ವಿಗುಣಗೊಳಿಸುವ ಬಗ್ಗೆ ಅಶೋಕ ದಳವಾಯಿ ಅವರ ಸಮಿತಿ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ ಒಬ್ಬ ವಿಸ್ತರಣಾ ಕಾರ್ಯಕರ್ತನ ಪಾಲಿಗೆ 1162 ಹಿಡುವಳಿ ಬೀಳುತ್ತದೆ, ಇರಬೇಕಾದದ್ದು 750. ನಮ್ಮ ರಾಜ್ಯದಲ್ಲಿ ಖಾಲಿ ಹುದ್ದೆಗಳು ಎಷ್ಟು ಕಾಲದಿಂದ ಕಾಯುತ್ತಿದ್ದವೆಂದರೆ, 2024ರಲ್ಲಿ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆಗಳಿಗೆ ಒಟ್ಟಿಗೆ ಅರ್ಜಿ ಕರೆಯಬೇಕಾಯಿತು. ಹೊಸಬರು ಬರಲಿ. ಆದರೆ ಅವರನ್ನೂ ಅದೇ ಕಂಪ್ಯೂಟರಿನ ಮುಂದೆ ಕೂರಿಸಿದರೆ ಹೊಲದ ಮಟ್ಟಿಗೆ ಅವರು ಬಂದೂ ಬಾರದಂತೆ.

ಹಂಚಿಕೆಯ ಕೆಲಸವನ್ನು ಸಲಹೆಯ ಕೆಲಸದಿಂದ ಬೇರ್ಪಡಿಸಬೇಕು. ಬೀಜ, ಪೈಪು, ಟಾರ್ಪಾಲಿನ ಲೆಕ್ಕಕ್ಕೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿವೆ, ರೈತ ಉತ್ಪಾದಕರ ಸಂಸ್ಥೆಗಳಿವೆ. ಇಲ್ಲದ ಕಡೆ ಒಬ್ಬ ಗುಮಾಸ್ತರನ್ನು ನೇಮಿಸಿದರೆ ಸಾಕು. ಕೃಷಿ ಅಧಿಕಾರಿಯ ವಾರದ ನಾಲ್ಕು ದಿನ ಹಳ್ಳಿಯದಾಗಲಿ. ಯಾವ ವಾರ ಯಾವ ಊರು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿ. ಕಾಗದದ ಸುತ್ತೋಲೆ ಕಪಾಟು ಸೇರುತ್ತದೆ, ಗೋಡೆಯ ಮೇಲೆ ಬರೆದದ್ದನ್ನು ಊರು ಕೇಳುತ್ತದೆ.

ಗೋಡೆ ಬರಹದ ಶಕ್ತಿಯನ್ನು ನಾವು ಒಮ್ಮೆ ಕಂಡಿದ್ದೇವೆ. 2009ರಲ್ಲಿ ಕರ್ನಾಟಕ ಸರ್ಕಾರ ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಭೂಚೇತನ ಯೋಜನೆ ಶುರು ಮಾಡಿತು. ಹೊಲಗಳ ಮಣ್ಣು ತಂದು ಪರೀಕ್ಷಿಸಿದಾಗ ಕಂಡದ್ದು, ನಮ್ಮ ಖುಷ್ಕಿ ಜಮೀನುಗಳಲ್ಲಿ ಸತು, ಬೋರಾನ್, ಗಂಧಕ ವ್ಯಾಪಕವಾಗಿ ಕಡಿಮೆ ಎಂಬುದು. ರೈತ ಯೂರಿಯ, ಡಿಎಪಿ ಹಾಕುತ್ತಲೇ ಇದ್ದ, ಗಿಡ ಬೇರೆಯದಕ್ಕೆ ಹಸಿದಿತ್ತು. ತಾಲ್ಲೂಕುವಾರು ಶಿಫಾರಸನ್ನು ಊರಿನ ಗೋಡೆಗಳ ಮೇಲೆ ಬರೆಸಿದರು. ಅದಕ್ಕಿಂತ ಮುಖ್ಯವಾಗಿ, ಊರಿನವರನ್ನೇ ಆರಿಸಿ ತರಬೇತಿ ಕೊಟ್ಟು ಅನುವುಗಾರರನ್ನಾಗಿ ಮಾಡಿದರು. ಅವರು ತಮ್ಮ ಹೊಲದಲ್ಲೂ ಅದೇ ಬೆಳೆ ಬೆಳೆಯುವವರು. ತಪ್ಪು ಹೇಳಿ ಊರು ಬಿಟ್ಟು ಹೋಗುವ ಹಾಗಿಲ್ಲ. ಮಳೆಯಾಶ್ರಿತ ರಾಗಿ, ಶೇಂಗಾ, ಮೆಕ್ಕೆಜೋಳದ ಇಳುವರಿ ಏರಿತು. ಆದರೆ ಅನುವುಗಾರರದು ಹಂಗಾಮಿನ ಗೌರವಧನದ ಕೆಲಸ. ಹಂಗಾಮು ಮುಗಿದರೆ ಅವರೂ ಮುಗಿದಂತೆ. ಕಲಿತ ವಿದ್ಯೆಯ ಜೊತೆ ಎಷ್ಟೋ ಮಂದಿ ಬೇರೆ ಕೆಲಸ ಹುಡುಕಿಕೊಂಡರು. ಅಂಥವರನ್ನು ವರ್ಷಪೂರ್ತಿ ಉಳಿಸಿಕೊಳ್ಳುವುದು ಸಲಹಾ ಸುಧಾರಣೆಯ ಅತ್ಯಂತ ಅಗ್ಗದ ಮತ್ತು ಬಹಳ ಅಗತ್ಯದ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಣ್ಣಿನ ಮಾತು ಬಂತೆಂದು ಒಂದು ವಿಷಯ ಸೇರಿಸುತ್ತೇನೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡು ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಹನ್ನೆರಡು ಅಂಶಗಳ ಲೆಕ್ಕ ಅದರಲ್ಲಿದೆ. ಆದರೆ ಆ ಯೋಜನೆಯಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆದರು. ಅಂದರೆ ನಿಮ್ಮ ಕಾರ್ಡಿನಲ್ಲಿರುವುದು ಪಕ್ಕದವರ ಹೊಲದ ಮಣ್ಣೂ ಆಗಿರಬಹುದು. ನಮ್ಮ ದೇಶದ ಹಿಡುವಳಿಯ ಸರಾಸರಿ 2015–16ರ ಕೃಷಿ ಗಣತಿಯಂತೆ ಒಂದು ಹೆಕ್ಟೇರಿಗಿಂತ ತುಸು ಹೆಚ್ಚು, ಅಷ್ಟೇ. ಕಾರ್ಡನ್ನು ಓದಿ, ನಿಮ್ಮ ಹೊಲಕ್ಕೆ ಎಷ್ಟು ಹೊಂದುತ್ತದೆ ಎಂದು ಹೇಳುವ ಮನುಷ್ಯ ಬೇಕು. ಆ ಮನುಷ್ಯನಿಲ್ಲದ ಕಾರ್ಡು ಗೂಡಿನಲ್ಲಿ ಕೂರುತ್ತದೆ.

ಬೇರೆ ದೇಶದವರು ಇದೇ ಕಷ್ಟವನ್ನು ಹೇಗೆ ಎದುರಿಸಿದರು ಎಂಬುದಕ್ಕೆ ಇಂಡೋನೇಷ್ಯಾದ ಉದಾಹರಣೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. 1984ರಲ್ಲಿ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅದರ ಬೆನ್ನಿಗೇ ಕಂದು ಜಿಗಿಹುಳು ಭತ್ತದ ಗದ್ದೆಗಳನ್ನು ಸುಟ್ಟಂತೆ ಒಣಗಿಸಿತು. ಸರ್ಕಾರ ಕೀಟನಾಶಕಕ್ಕೆ ಭಾರಿ ರಿಯಾಯಿತಿ ಕೊಡುತ್ತಿತ್ತು, ರೈತರು ಹೊಡೆಯುತ್ತಿದ್ದರು, ಹೊಡೆದಷ್ಟೂ ಹುಳ ಹೆಚ್ಚುತ್ತಿತ್ತು. ಕಾರಣ, ಜಿಗಿಹುಳುವನ್ನು ತಿಂದು ಬದುಕುವ ಜೇಡಗಳು ಮೊದಲು ಸಾಯುತ್ತಿದ್ದವು. 1986ರಲ್ಲಿ ಅಧ್ಯಕ್ಷರ ಆಜ್ಞೆಯಂತೆ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆ ನಿಷೇಧವಾಯಿತು. ಮುಂದಿನ ಮೂರು ವರ್ಷದಲ್ಲಿ ರಿಯಾಯಿತಿಯೂ ನಿಂತಿತು. ವರ್ಷಕ್ಕೆ ಹತ್ತು ಕೋಟಿ ಡಾಲರಿಗೂ ಮೀರಿ ಉಳಿಯಿತು, ಅಕ್ಕಿಯ ಉತ್ಪಾದನೆ ಬೀಳಲಿಲ್ಲ.

ಆದರೆ ಹೊಡೆಯಬೇಡಿ ಎಂದು ಹೇಳಿದ ಮಾತ್ರಕ್ಕೆ ಬೆಳೆ ಕಣ್ಣೆದುರು ಹೋಗುವಾಗ ಯಾವ ರೈತನೂ ಕೈಕಟ್ಟಿ ಕೂರುವುದಿಲ್ಲ. ಅದಕ್ಕಾಗಿ ಅಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆಗಳು ಹುಟ್ಟಿದವು. ಸುಮಾರು 25 ರೈತರು ವಾರಕ್ಕೊಂದು ಬೆಳಗ್ಗೆ ಗದ್ದೆಗಿಳಿಯುತ್ತಿದ್ದರು. ಒಂದೊಂದು ಬುಡದಲ್ಲಿ ಹುಳ ಎಷ್ಟು, ಜೇಡ ಎಷ್ಟು ಎಂದು ಎಣಿಸಿ, ದಡದಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ಗಿಡದ ಚಿತ್ರ ಬರೆದು ಅದರ ಮೇಲೆ ಹುಳ, ಜೇಡಗಳನ್ನು ಗುರುತಿಸಿ, ಈ ವಾರ ಏನು ಮಾಡಬೇಕೆಂದು ತಾವೇ ತೀರ್ಮಾನಿಸುತ್ತಿದ್ದರು. ಪಾಠ ಹೇಳುವವನು ಉತ್ತರ ಕೊಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದ. ಹೀಗೆ ಕಲಿತವರ ಕೀಟನಾಶಕದ ಖರ್ಚು ಇಳಿಯಿತು. ಮುಂದೆ ಅಧ್ಯಯನ ಮಾಡಿದವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ಪಾಠಶಾಲೆಗೆ ಬಂದವರ ತಿಳಿವಳಿಕೆ ಪಕ್ಕದ ಗದ್ದೆಯವನಿಗೆ ತಾನಾಗಿ ಹರಿಯಲಿಲ್ಲ. ಕೆಲವರಿಗೆ ಕಲಿಸಿದರೆ ಉಳಿದವರು ನೋಡಿ ಕಲಿಯುತ್ತಾರೆ ಎಂದು ನಂಬಿ ಕೂರುವ ಹಾಗಿಲ್ಲ.

ನೋಡಿ ಕಲಿಯುವುದು ಯಾವಾಗ ನಡೆಯುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನ ಹತ್ತಿರದ ಹಳ್ಳಿಗಳಲ್ಲೇ ಒಂದು ಪಾಠ ಸಿಕ್ಕಿದೆ. 2006ರಲ್ಲಿ ಅಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುವಾಯಿತು. ಆ ಊರಿನ ರೈತರನ್ನೇ ಅವರ ಹೊಲದಲ್ಲೇ ಚಿತ್ರೀಕರಿಸಿ, ಸಂಜೆ ಊರಿನವರಿಗೆ ತೋರಿಸುತ್ತಿದ್ದರು. ನಡುವೆ ಚಿತ್ರ ನಿಲ್ಲಿಸಿ ಮಾತಾಡುತ್ತಿದ್ದರು. ನೋಡಿದವರು ಮೊದಲು ಕೇಳುತ್ತಿದ್ದದ್ದು ಚಿತ್ರದಲ್ಲಿರುವ ರೈತ ಯಾರು, ಯಾವ ಊರಿನವನು ಎಂದು. ಆತ ತಮ್ಮಂಥವನೇ ಎಂದು ಖಾತ್ರಿಯಾದರೆ ಮಾತ್ರ ಅವನು ಮಾಡಿದ್ದನ್ನು ಮಾಡಿ ನೋಡುವ ಮನಸ್ಸು. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ 1988ರಿಂದ ಇದೇ ನಂಬಿಕೆಯ ಮೇಲೆ ನಡೆದಿದೆ. ಬೆಳೆಯುವ ರೈತನ ಕೈಗೇ ಲೇಖನಿ ಕೊಡಬೇಕೆಂದು ಶ್ರೀಪಡ್ರೆಯವರು ಮತ್ತು ಸಂಗಡಿಗರು ಹಟ ಹಿಡಿದು ಕೆಲಸ ಮಾಡಿದ್ದಾರೆ.

ರೇಡಿಯೋದ ಮೂಲಕ ಮಾತಾಡುತ್ತಿರುವಾಗ ರೇಡಿಯೋದ ಕೆಲಸವನ್ನು ಹೇಳದಿದ್ದರೆ ಹೇಗೆ? ತಂಜಾವೂರು ಸೀಮೆಯಲ್ಲಿ 1960ರ ದಶಕದಲ್ಲಿ ಎಡಿಟಿ-27 ಎಂಬ ಭತ್ತದ ತಳಿ ಬಾನುಲಿಯ ಪ್ರಚಾರದಿಂದಲೇ ಹರಡಿ, ಜನ ಅದನ್ನು ರೇಡಿಯೋ ಭತ್ತ ಎಂದೇ ಕರೆದರು. ಅದಕ್ಕೂ ಮೊದಲು, 1956ರಲ್ಲಿ, ಪುಣೆ ಆಕಾಶವಾಣಿ ಯುನೆಸ್ಕೋ ಜೊತೆ ಸೇರಿ ರೇಡಿಯೋ ಗ್ರಾಮ ಗೋಷ್ಠಿಗಳನ್ನು ನಡೆಸಿತು. ಸುಮಾರು ಇಪ್ಪತ್ತು ಜನರ ಗುಂಪು ಊರಿನಲ್ಲಿ ಒಟ್ಟಿಗೆ ಕೂತು ಕಾರ್ಯಕ್ರಮ ಕೇಳುತ್ತಿತ್ತು, ಆಮೇಲೆ ಚರ್ಚೆ ಮಾಡಿ ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುತ್ತಿತ್ತು. ಮುಂದಿನ ಪ್ರಸಾರದಲ್ಲಿ ಉತ್ತರ ಬರುತ್ತಿತ್ತು. ಮಾತು ಕೆಳಗಿನಿಂದ ಮೇಲೆ ಹೋಗಿ ಮತ್ತೆ ಕೆಳಗೆ ಬರುವ ಈ ದಾರಿ ನಮ್ಮ ಇಂದಿನ ಸಲಹಾ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ. ಕೃಷಿ ಇಲಾಖೆ ಕಳಿಸುವ ಸಂದೇಶ ಮೊಬೈಲಿಗೆ ಬರುತ್ತದೆ. ಆ ಸಂದೇಶದಂತೆ ಮಾಡಿ ಕೆಟ್ಟವನ ಸುದ್ದಿ ಸಂದೇಶ ಬರೆದವರಿಗೆ ಮುಟ್ಟುವುದಿಲ್ಲ.

ಸುಧಾರಣೆಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಸಲಹೆ ಕೊಟ್ಟವರು ಎರಡು ವಾರದ ಮೇಲೆ ಅದೇ ಹೊಲಕ್ಕೆ ಹಿಂತಿರುಗಿ ಬಂದು, ಏನಾಯಿತು ಎಂದು ನೋಡಿ ಬರೆದುಕೊಳ್ಳಬೇಕು. ಸಲಹೆಯನ್ನು ಚೀಟಿಯ ಮೇಲೆ, ಹೆಸರು ಹಾಕಿ, ದಿನಾಂಕ ಹಾಕಿ ಕೊಡಬೇಕು. ಒಂದು ಪ್ರತಿ ರೈತನಲ್ಲಿ, ಒಂದು ಪ್ರತಿ ಕೇಂದ್ರದಲ್ಲಿ. ಕೆಲಸ ಮಾಡಿದ ಸಲಹೆಯ ಜೊತೆಗೆ ಕೆಲಸ ಮಾಡದ ಸಲಹೆಯೂ ತಿಂಗಳಿಗೊಮ್ಮೆ ಕೃಷಿ ವಿಜ್ಞಾನ ಕೇಂದ್ರಕ್ಕೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಬೇಕು. 1974ರಲ್ಲಿ ಪುದುಚೇರಿಯಲ್ಲಿ ಒಂದರಿಂದ ಶುರುವಾದ ಕೃಷಿ ವಿಜ್ಞಾನ ಕೇಂದ್ರಗಳು ಇಂದು ದೇಶದಲ್ಲಿ ಏಳುನೂರು ದಾಟಿವೆ. ಅವಕ್ಕೆ ಹೊಲದಿಂದ ದಿನನಿತ್ಯ ಪ್ರಶ್ನೆ ಬಂದರೆ ಅವುಗಳ ಸಂಶೋಧನೆಯ ದಿಕ್ಕೇ ಬದಲಾಗುತ್ತದೆ. ಅಧಿಕಾರಿಯ ಬಡ್ತಿಗೆ ಎಷ್ಟು ಟಾರ್ಪಾಲು ಹಂಚಿದರು ಎಂಬ ಲೆಕ್ಕದ ಬದಲು ಎಷ್ಟು ಹೊಲಗಳಿಗೆ ಎರಡನೇ ಸಲ ಹೋದರು ಎಂಬ ಲೆಕ್ಕ ಆಧಾರವಾಗಲಿ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಅವರ ಕೆಲಸದ ಬಗ್ಗೆ ರೈತರ ಮಾತು ದಾಖಲಾಗಲಿ. ಇವತ್ತು ಅವರು ಉತ್ತರ ಹೇಳುವುದು ಮೇಲಿನ ಕಚೇರಿಗೆ ಮಾತ್ರ.

ಅಂಗಡಿಯ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ಅಲ್ಲಿ ಪ್ರಾಣದ ಪ್ರಶ್ನೆಯಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೂಲಿಗಳು ವಿಷ ತಗುಲಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಹತ್ತಿ ಎದೆಯ ಮಟ್ಟಕ್ಕೆ ಬೆಳೆದಿತ್ತು. ಎರಡು ಮೂರು ಔಷಧಿ ಬೆರೆಸಿ, ಮುಖಕ್ಕೆ ಮೈಗೆ ಏನೂ ಇಲ್ಲದೆ ಹೊಡೆಯುವುದು ಅಲ್ಲಿನ ರೂಢಿಯಾಗಿತ್ತು. ಬೆರೆಸಬಾರದು ಎಂದು ಹೇಳುವವರು ಅಲ್ಲಿ ಇದ್ದಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಹೈದರಾಬಾದಿನ ಮ್ಯಾನೇಜ್, ಅಂದರೆ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ, 2003ರಿಂದ ಅಂಗಡಿಯವರಿಗಾಗಿಯೇ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ. ಅದು ಒಳ್ಳೆಯ ಕೆಲಸ, ಇನ್ನಷ್ಟು ಆಗಬೇಕು. ಆದರೆ ತಿಳಿವಳಿಕೆ ಹೆಚ್ಚಿದರೂ ಲಾಭದ ದಿಕ್ಕು ಅದೇ ಇರುತ್ತದೆ. ಬ್ರೆಜಿಲ್ ದೇಶ 1989ರ ಕಾನೂನಿನಲ್ಲಿ ಬೇರೆ ದಾರಿ ಹಿಡಿಯಿತು: ಅರ್ಹ ಕೃಷಿ ತಜ್ಞರ ಚೀಟಿಯಿಲ್ಲದೆ ಕೀಟನಾಶಕ ಮಾರುವಂತಿಲ್ಲ. ಅಲ್ಲಿಯೂ ಚೀಟಿಯನ್ನು ಅಂಗಡಿಯ ಸಂಬಳದಲ್ಲಿರುವ ತಜ್ಞರೇ ಬರೆದುಕೊಡುವ ದೂರು ಇದ್ದೇ ಇದೆ. ಹಾಗಾಗಿ ನಮ್ಮಲ್ಲಿ ಕನಿಷ್ಠ ಅತಿ ವಿಷಕಾರಿ ಔಷಧಿಗಳಿಗಾದರೂ ಕೃಷಿ ಅಧಿಕಾರಿಯ ಇಲ್ಲವೇ ಮಾರಾಟಕ್ಕೆ ಸಂಬಂಧವಿಲ್ಲದ ಕೃಷಿ ಪದವೀಧರರ ಚೀಟಿ ಕಡ್ಡಾಯವಾಗಬೇಕು. ಇದಕ್ಕೆ ಅಧಿಕಾರಿ ಹಳ್ಳಿಯಲ್ಲಿ ಸಿಗಬೇಕು, ಅದಿಲ್ಲದೆ ಕಾನೂನು ಮಾತ್ರ ತಂದರೆ ರೈತನಿಗೆ ಇನ್ನೊಂದು ಅಲೆದಾಟ.

ಇಷ್ಟು ಹೊತ್ತು ನಾನು ರೈತ ಬಂದ, ರೈತ ಹೋದ ಎಂದೇ ಹೇಳುತ್ತ ಬಂದೆ. ಹೊಲದಲ್ಲಿ ಹೆಚ್ಚು ಹೊತ್ತು ಇರುವವರು ಹೆಂಗಸರು. ಹಳ್ಳಿಗಾಡಿನಲ್ಲಿ ದುಡಿಯುವ ನಾಲ್ವರು ಹೆಂಗಸರಲ್ಲಿ ಮೂವರ ಕೆಲಸ ಬೇಸಾಯದಲ್ಲೇ ಎಂದು ಸರ್ಕಾರದ ಕಾರ್ಮಿಕ ಸಮೀಕ್ಷೆಗಳು ಹೇಳುತ್ತವೆ. ಕಳೆ ತೆಗೆಯುವಾಗ ಎಲೆಯ ಅಡಿಯ ಮೊಟ್ಟೆ ಮೊದಲು ಕಾಣುವುದು ಅವರಿಗೆ, ತೊಗರಿಯ ಕುಡಿ ಚಿವುಟುವವರು ಅವರು, ಬೀಜ ಆರಿಸಿ ಎತ್ತಿಡುವವರು ಅವರು, ಸಿಂಪಡಣೆಯ ಡ್ರಮ್ಮಿಗೆ ನೀರು ಹೊತ್ತು ಸುರಿಯುವವರೂ ಅವರೇ. ತರಬೇತಿ ಮಾತ್ರ ಬೆಳಗ್ಗೆ ಹನ್ನೊಂದಕ್ಕೆ, ತಾಲ್ಲೂಕಿನಲ್ಲಿ, ಪಹಣಿಯಲ್ಲಿ ಹೆಸರಿದ್ದವರಿಗೆ. ಸ್ವಸಹಾಯ ಸಂಘಗಳ ಹೆಂಗಸರಿಗೆ ತರಬೇತಿ ಕೊಟ್ಟು ಕೃಷಿ ಸಖಿಯರನ್ನಾಗಿ ಮಾಡುವ ಕೆಲಸ ಈಗ ಶುರುವಾಗಿದೆ, ಅದರ ಮೇಲೆ ನನಗೆ ಬಹಳ ಭರವಸೆಯಿದೆ. ಅನುವುಗಾರರಿಗೆ ಆದಂತೆ ಅವರಿಗೆ ಆಗದಿರಲಿ. ತಿಂಗಳ ಸಂಬಳ, ಹದಿನೈದು ದಿನಕ್ಕೊಮ್ಮೆ ತಜ್ಞರ ಜೊತೆ ಒಂದು ದಿನ, ಊರಿನಲ್ಲಿ ಮಾತಿಗೆ ತೂಕ ಬರುವಂತೆ ಒಂದು ಗುರುತಿನ ಚೀಟಿ, ಇಷ್ಟಾದರೂ ಅವರಿಗೆ ಸಲ್ಲಬೇಕು.

ಇವೆಲ್ಲ ಸರ್ಕಾರ ಮಾಡಬೇಕಾದದ್ದು. ಅದು ಆಗುವವರೆಗೆ ನೀವು ಮಾಡಬಹುದಾದದ್ದೂ ಇದೆ. ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ 1800-180-1551. ದುಡ್ಡು ಬೀಳುವುದಿಲ್ಲ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವ ಮೊದಲು ಬಿತ್ತಿದ ದಿನ, ತಳಿಯ ಹೆಸರು, ಈಗಾಗಲೇ ಏನು ಹಾಕಿದ್ದೀರಿ, ಏನು ಹೊಡೆದಿದ್ದೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ರೋಗ ಹೊಲದ ಒಂದು ಮೂಲೆಯಲ್ಲಿದೆಯೋ ಎಲ್ಲ ಕಡೆ ಹರಡಿದೆಯೋ ನೋಡಿಕೊಳ್ಳಿ, ಒಂದೆರಡು ಗಿಡ ಬೇರುಸಹಿತ ಕಿತ್ತು ನೋಡಿ. ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಬೀಜದ ಸಾಲು ಮುಗಿದ ಮೇಲೆ ಹೋಗಿ, ಸಲಹೆಯನ್ನು ಬರೆದುಕೊಡಿ ಎಂದು ಕೇಳಿ. ಮುಂದಿನ ಗ್ರಾಮಸಭೆಯಲ್ಲಿ, ನಮ್ಮೂರಿಗೆ ಕೃಷಿ ಅಧಿಕಾರಿ ಬರುವ ದಿನ ಯಾವುದು ಎಂಬ ಒಂದೇ ಪ್ರಶ್ನೆಯನ್ನು ನಾಲ್ಕು ಜನ ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ.